ಗೋದಾಮಿನ ಹುಡುಗ ಮತ್ತು ನನ್ನ ಅಕ್ಕ

ದಾವಣಗೆರೆಯ ನಮ್ಮ ವಿದ್ಯಾನಗರದ ಓಣಿಗೊಂದು ವಾಟ್ಸಾಪ್ ಗುಂಪು ಇದೆ. ಬೆಳಗಾದರೆ ಅದರಲ್ಲಿ ಗುಲಾಬಿ ಹೂವು, ದೇವರ ಪಟ, ನಲ್ಲಿ ನೀರು ಬರುವ ಸಮಯ, ಕಳೆದುಹೋದ ಬೆಕ್ಕಿನ ಫೋಟೊ ಎಲ್ಲ ಸಾಲಾಗಿ ಬಂದು ಬೀಳುತ್ತವೆ. ಈಚೆಗೊಂದು ದಿನ ಇವುಗಳ ನಡುವೆ ಯಾರೋ ಪುಣ್ಯಾತ್ಮರು ಹಳೆಯ ಹಾಸ್ಯ ಚಿತ್ರವೊಂದರ ತುಣುಕು ಹಾಕಿದರು. ಕಪ್ಪು ಬಿಳುಪು, ತೆರೆಯ ತುಂಬ ಗೀರು. ನಾನು ಹಲ್ಲುಜ್ಜುವುದನ್ನು ಅರ್ಧಕ್ಕೇ ನಿಲ್ಲಿಸಿ, ಬಾಯಲ್ಲಿ ನೊರೆ ಇಟ್ಟುಕೊಂಡೇ ಅದನ್ನು ಮತ್ತೆ ಮತ್ತೆ ನೋಡಿ ನಕ್ಕೆ. ಹೆಂಡತಿ ಸುಮಾ ಬಾಗಿಲಲ್ಲಿ ನಿಂತು, “ಮೊದ್ಲು ಬಾಯಿ ಮುಕ್ಕಳಿಸ್ರಿ, ಆಮೇಲೆ ನಗ್ರಿ. ಕನ್ನಡಿ ಎಲ್ಲ ಸಿಡಿದೈತೆ” ಎಂದಳು.

ಆ ಚಿತ್ರದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಮೊಬೈಲಿನಲ್ಲಿ ಹುಡುಕಿ, ಐದು ನಿಮಿಷ ನೋಡಿ, ‘ಇದರಲ್ಲೇನೈತೆ ಅಂತ ಈ ಮನುಷ್ಯ ಹಿಂಗೆ ಹಲ್ಲು ಕಿರಿತಾನೆ’ ಎಂದು ಕೇಳುತ್ತೀರಿ. ಚಿಕ್ಕಂದಿನಲ್ಲಿ ಇಷ್ಟವಾದ ಸಿನಿಮಾವನ್ನು ದೊಡ್ಡವರಾದ ಮೇಲೆ ಇನ್ನೊಬ್ಬರಿಗೆ ತೋರಿಸಬಾರದು. ಮದುವೆಯಾದ ಹೊಸತರಲ್ಲಿ ಸುಮಾಗೆ ತೋರಿಸಿದ್ದೆ. ಮಧ್ಯಂತರದ ಹೊತ್ತಿಗೆ ಅವಳು ಬಟಾಣಿ ಸುಲಿದು ಮುಗಿಸಿ, ನನ್ನನ್ನು ಕನಿಕರದಿಂದ ನೋಡುತ್ತಿದ್ದಳು.

ಆದರೂ ಕಥೆ ಹೇಳಿಬಿಡುತ್ತೇನೆ. ನಾಯಕ ಮೀಸೆ ಮೂಡದ ಹುಡುಗ. ಒಬ್ಬ ಸಾಹುಕಾರನ ಬೆಲ್ಲದ ಗೋದಾಮಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಗೋದಾಮಿನಲ್ಲಿ ದೆವ್ವ ಸೇರಿದೆ ಎಂದು ಊರೆಲ್ಲ ಸುದ್ದಿ. ಒಳಗೆ ಹೋಗಿ ನೋಡಿ ಬನ್ನಿ ಎಂದು ಸಾಹುಕಾರ ಹೇಳಿದರೆ ಎಲ್ಲರಿಗೂ ಒಂದೊಂದು ನೆಪ. ಪೈಲ್ವಾನನಿಗೆ ಅಂದು ಹೊಟ್ಟೆ ನೋವು, ಗುಮಾಸ್ತನ ಕನ್ನಡಕ ಸಿಗುತ್ತಿಲ್ಲ, ಮಂತ್ರವಾದಿಗೆ ಅಂದು ವಾರ ಸರಿಯಿಲ್ಲ. ಕೊನೆಗೆ ಈ ಹುಡುಗ ಲಾಟೀನು ಹಿಡಿದು ಹೊರಡುತ್ತಾನೆ. ಮೊಣಕಾಲು ಒಂದಕ್ಕೊಂದು ಬಡಿಯುವ ಸದ್ದನ್ನು ಯಾರೋ ತಬಲಾದಲ್ಲಿ ಬಾರಿಸಿದ್ದಾರೆ. ಬಾಗಿಲಲ್ಲಿ ನಿಂತು ಅವನು ಒಳಗಿನ ಕತ್ತಲೆಗೆ ಕೈಮುಗಿದು ಕೂಗುತ್ತಾನೆ: “ಒಳಗೆ ಯಾರಿದ್ದೀರೋ ಸ್ವಾಮಿ, ನನಗೆ ನಿಮ್ಮನ್ನ ಕಂಡ್ರೆ ತುಂಬಾ ಭಯ. ಆದ್ರೂ ಬರ್ತಾ ಇದ್ದೀನಿ. ದಯವಿಟ್ಟು ನೀವೂ ಸ್ವಲ್ಪ ಹೆದರಿಕೊಳ್ಳಿ!”

ಹರಿಹರದ ಟಾಕೀಸಿನಲ್ಲಿ ಈ ಮಾತಿಗೆ ಜನ ಬೆಂಚು ಗುದ್ದಿ ನಗುತ್ತಿದ್ದರು. ಒಳಗಿದ್ದ ದೆವ್ವ ಬೆಲ್ಲ ನೆಕ್ಕುತ್ತಿದ್ದ ಒಂದು ಕರೀ ಮೇಕೆ ಎಂದು ಗೊತ್ತಾಗುವ ಹೊತ್ತಿಗೆ ಬೀಡಿ ಹೊಗೆಯ ನಡುವಿಂದ ಶಿಳ್ಳೆ. ನಾನು ಆಗ ಹೆಂಗಸರ ಕಡೆಯ ಬೆಂಚಿನಲ್ಲಿ ಅಕ್ಕನ ಪಕ್ಕ ಕೂರುವ ವಯಸ್ಸಿನವನು. ಗೋದಾಮಿನ ಬಾಗಿಲು ಕಿರ್ರೆಂದಾಗ ಅಕ್ಕ ನನ್ನ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಕೈ ನೋಯುತ್ತೆ ಬಿಡು ಎಂದರೆ, “ಸುಮ್ನಿರು, ನೀ ಹೆದರ್ತಿ ಅಂತ ಹಿಡ್ಕಂಡೀನಿ” ಎನ್ನುತ್ತಿದ್ದಳು. ಆ ಚಿತ್ರ ಮರಳಿ ಮರಳಿ ಬಂದಾಗಲೆಲ್ಲ ಇಬ್ಬರೂ ಹೋಗುತ್ತಿದ್ದೆವು. ಮೇಕೆ ಎಂದು ಮೊದಲೇ ಗೊತ್ತಿದ್ದರೂ ಅವಳು ಕೈ ಹಿಡಿಯುವುದು ತಪ್ಪುತ್ತಿರಲಿಲ್ಲ.

ಅಕ್ಕ ಅಂದರೆ ಗೌರಕ್ಕ. ನನಗಿಂತ ಆರು ವರ್ಷ ದೊಡ್ಡವಳು, ಧೈರ್ಯದಲ್ಲಿ ಅರವತ್ತು ವರ್ಷ. ಬಚ್ಚಲಲ್ಲಿ ಚೇಳು ಬಂದರೆ ಅಪ್ಪ ದೀಪ ಹಿಡಿಯುತ್ತಿದ್ದರು, ಚಪ್ಪಲಿ ಹಿಡಿಯುತ್ತಿದ್ದವಳು ಅಕ್ಕ. ಹೆಂಗಸರ ಬೆಂಚಿನಲ್ಲಿ ಕಾಲು ಚಾಚಿ ಕೂತ ಗಂಡಸನ್ನು ಗೇಟಿನವನು ಏಳಿಸದೆ ಇದ್ದಾಗ ಇವಳೇ ಹೋಗಿ ಏಳಿಸಿದ್ದಳು. ನನಗೆ ತುಂಗಭದ್ರೆಯಲ್ಲಿ ಈಜು ಕಲಿಸಿದವಳೂ ಅವಳೇ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಮೆಟ್ಟಿಲಿನಿಂದ ನೂಕಿದಳು. ನಾನು ಸಿನಿಮಾದ ಪಾಠವನ್ನು ನೆನೆದು, ನೀರಿಗೆ ಕೈಮುಗಿದು, “ಅವ್ವಾ ಗಂಗವ್ವಾ, ನನಗೆ ನಿನ್ನ ಕಂಡ್ರೆ ಹೆದ್ರಿಕೆ, ನೀನೂ ಸ್ವಲ್ಪ ಹೆದ್ರಿಕೋ” ಎಂದು ಕಿರುಚಿದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರೆಲ್ಲ ಕೈಲಿದ್ದ ಬಟ್ಟೆ ಬಿಟ್ಟು ನಕ್ಕರು. ಒಬ್ಬಾಕೆಯ ಸೀರೆ ತೇಲಿಹೋಯಿತು. ಅದನ್ನು ಈಜಿ ತಂದುಕೊಟ್ಟವಳು ಅಕ್ಕ. ಗಂಗವ್ವ ನನಗೆ ಹೆದರಿದ ಲಕ್ಷಣ ಕಾಣಲಿಲ್ಲ, ಸಾಕಷ್ಟು ನೀರು ಕುಡಿಸಿದಳು.

ಆದರೆ ಪಾಠ ನಾನು ಬಿಡಲಿಲ್ಲ. ಧೈರ್ಯ ಎಂದರೆ ಹೆದರದೆ ಇರುವುದು ಎಂದು ಮೇಷ್ಟರು ಹೇಳಿಕೊಟ್ಟಿದ್ದರು. ಆ ಲೆಕ್ಕದಲ್ಲಿ ನಾನು ಹುಟ್ಟಾ ಫೇಲು. ಈ ಹುಡುಗ ಹೇಳಿಕೊಟ್ಟದ್ದು ಬೇರೆ. ಹೆದರಿಕೆಯನ್ನು ಬಾಯಿಬಿಟ್ಟು ಹೇಳು, ಮೊಣಕಾಲು ನಡುಗಿದರೆ ನಡುಗಲಿ, ಆದರೆ ಮುಂದಕ್ಕೇ ನಡುಗಲಿ. ಇದು ನನ್ನ ಕೈಗೆ ಎಟಕುವ ಧೈರ್ಯ. ಕೆಲಸದ ಸಂದರ್ಶನದಲ್ಲಿ, “ಸಾರ್, ನನಗೆ ಬಹಳ ಭಯ ಆಗಿದೆ, ಸ್ವಲ್ಪ ನೀರು ಕೊಟ್ಟರೆ ಉತ್ತರ ಹೇಳ್ತೀನಿ” ಎಂದೆ. ಅವರು ನಕ್ಕು ನೀರು ಕೊಟ್ಟರು, ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸವನ್ನೂ ಕೊಟ್ಟರು. ಹೆಣ್ಣು ನೋಡಲು ಹೋದಾಗ ಸುಮಾಗೆ, “ನಿಮ್ಮನ್ನ ಕಂಡ್ರೆ ಸ್ವಲ್ಪ ಹೆದರಿಕೆ ಆಗುತ್ತೆ” ಎಂದಿದ್ದೆ. ಅವಳು ಅದಕ್ಕೇ ಒಪ್ಪಿದ್ದಂತೆ. ಅಂದಿನಿಂದ ಇಂದಿನವರೆಗೆ ನಾನು ಆ ಮಾತಿಗೆ ಬದ್ಧನಾಗಿದ್ದೇನೆ.

ಒಂದೇ ಒಂದು ಜಾಗದಲ್ಲಿ ಈ ಪಾಠ ನನಗೆ ಯಾವತ್ತೂ ಕೆಲಸಕ್ಕೆ ಬಂದಿಲ್ಲ. ಅದು ನಮ್ಮ ಕಡೆಯ ಮನೆಗಳ ಪಡಸಾಲೆ. ನೀವು ದಾವಣಗೆರೆಗೋ ಹರಿಹರಕ್ಕೋ ಬಂದು ಯಾರ ಮನೆಯಲ್ಲಾದರೂ ಕೂತು ನೋಡಿ. ತಟ್ಟೆ ತುಂಬ ಒಗ್ಗರಣೆ ಮಂಡಕ್ಕಿ, ಅದರ ಮೇಲೆ ಬಿಸಿ ಮಿರ್ಚಿ ಬರುತ್ತದೆ. ನೀವು ಬ್ಯಾಡ ಎನ್ನುತ್ತೀರಿ. ಅದು ಸಂಕೋಚ ಎಂದು ತಿಳಿದು ಇನ್ನೊಂದು ಹಿಡಿ ಹಾಕುತ್ತಾರೆ. ನಿಜವಾಗಿಯೂ ಬ್ಯಾಡ ಎನ್ನುತ್ತೀರಿ. “ಯಾಕ, ನಮ್ಮನಿ ಮಂಡಕ್ಕಿ ಸೇರಲ್ಲೇನು?” ಎಂದು ಮುಖ ಸಣ್ಣದು ಮಾಡುತ್ತಾರೆ. ಈಗಷ್ಟೇ ಬೆಣ್ಣೆ ದೋಸೆ ತಿಂದು ಬಂದೆ ಎಂದರೆ, “ಅದೇನು ತಿಂದಂಗಾತು, ಕರಗೋಗಿರ್ತೈತೆ ಬಿಡ್ರಿ” ಎನ್ನುತ್ತಾರೆ. ದೆವ್ವದ ಮುಂದೆ ಕೈಮುಗಿದು ನಿಲ್ಲಬಹುದು, ಮಂಡಕ್ಕಿ ತಟ್ಟೆಯ ಮುಂದೆ ಆಗುವುದಿಲ್ಲ. ನನ್ನ ಹೊಟ್ಟೆಯ ಈಗಿನ ಆಕಾರಕ್ಕೆ ನನ್ನ ಹೇಡಿತನ ಎಷ್ಟು ಕಾರಣವೋ ಊರಿನವರ ಪ್ರೀತಿಯೂ ಅಷ್ಟೇ ಕಾರಣ.

ಹೀಗಿರುವ ಊರಿನಲ್ಲಿ ಅಕ್ಕನಿಗೆ ಆಪರೇಶನ್ನಿಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಡಾಕ್ಟರು ಹೇಳಿದರು. ಅವಳ ಪಿತ್ತಕೋಶದಲ್ಲಿ ಕಲ್ಲಾಗಿದ್ದವು. ಹರಿಹರದಲ್ಲಿ ಅವಳದೊಂದು ಬ್ಲೌಸ್ ಪೀಸಿನ ಅಂಗಡಿ. ಒಂದು ಮಧ್ಯಾಹ್ನ ಗಿರಾಕಿಗೆ ಬಟ್ಟೆ ಅಳೆಯುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಕುಸಿದಳು. ದಾವಣಗೆರೆಗೆ ಕರೆತಂದು ತೋರಿಸಿದಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ಕೋಶ ತೆಗೆದುಬಿಡೋಣ. ಮುಂದೂಡಬೇಡಿ. ಸೋಂಕು ಏರಿ ಇನ್ನೊಂದು ಸಲ ಹಿಂಗಾದ್ರೆ ಜೀವಕ್ಕೇ ಕಷ್ಟ” ಎಂದರು. ಭಾವ ತೀರಿಕೊಂಡಿದ್ದಾರೆ. ಕೊಕ್ಕನೂರಿಗೆ ಕೊಟ್ಟ ಅಕ್ಕನ ಮಗಳು ಹಸಿ ಬಾಣಂತಿ. ಓಡಾಡಲು ಇರುವವನು ನಾನೊಬ್ಬ. ಹೆದರಿಕೆ ಮುಚ್ಚಿಕೊಂಡು ಅಕ್ಕನ ಮುಂದೆ ನಗುಮುಖ ಮಾಡಿ ಬಂದೆ. ಅಕ್ಕ ಮಾತ್ರ, “ಕಲ್ಲೇನ್ ಲೇ, ಅಕ್ಕಿಯಾಗಿನ ಕಲ್ಲು ಆರಿಸಿದಂಗೆ ಆರಿಸಿ ಬಿಸಾಕಿದ್ರಾತು” ಎಂದಳು.

ಗೊತ್ತು ಮಾಡಿದ ದಿನ ಬೆಳಗ್ಗೆ ಹರಿಹರದಿಂದ ಬಸ್ಸಿನಲ್ಲಿ ಬಂದಳು. ನರ್ಸು ಹಾಸಿಗೆ ಸಿದ್ಧ ಮಾಡಿ, “ಏನಾದ್ರೂ ತಿಂದೀರೇನಮ್ಮಾ?” ಎಂದು ಕೇಳಿದಳು.

“ಏನಿಲ್ಲವ್ವ. ಒಂದ್ ಬಟ್ಲು ಮಂಡಕ್ಕಿ.”

“ಅಯ್ಯೋ, ತಿನ್ನಬಾರದು ಅಂತ ಹೇಳಿದ್ವಲ್ಲ!”

“ಪಕ್ಕದ ಮನಿ ಮುಮ್ತಾಜ್ ಕೊಟ್ಲು. ಬ್ಯಾಡ ಅಂತ ಹೆಂಗೆ ಅನ್ಲಿ?”

ಅಂದಿನ ಆಪರೇಶನ್ ರದ್ದಾಯಿತು. ನನಗೆ ಅನುಮಾನ ಬರಲಿಲ್ಲ. ನಾನಾಗಿದ್ದರೂ ತಿನ್ನುತ್ತಿದ್ದೆ ಎಂದುಕೊಂಡೆ. ಮುಂದಿನ ಸಲ ಹಿಂದಿನ ದಿನವೇ ಅಕ್ಕನನ್ನು ನಮ್ಮ ಮನೆಗೆ ಕರೆತಂದು ಇರಿಸಿಕೊಂಡೆ. ಸುಮಾ ಅಡುಗೆಮನೆಗೆ ಬೀಗ ಹಾಕುವುದೊಂದು ಬಾಕಿ. ಬೆಳಗ್ಗೆ ಎದ್ದು ನೋಡಿದರೆ ಅಕ್ಕ ಇಲ್ಲ. ಸ್ವಲ್ಪ ಹೊತ್ತಿಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ದೊನ್ನೆ ಬಳಿದು ತಿನ್ನುತ್ತ ಬಂದಳು. ಓಣಿಯ ತುದಿಯ ಗುಡಿಯಲ್ಲಿ ಅಂದು ಯಾರದೋ ಪೂಜೆ, ಸಜ್ಜಿಗೆ ಪ್ರಸಾದ. “ದೇವರ ಪ್ರಸಾದ ಬ್ಯಾಡ ಅಂದ್ರೆ ಆಪರೇಶನ್ ಚೊಲೋ ಆಗ್ತೈತೇನೋ?” ಎಂದು ನನ್ನನ್ನೇ ಕೇಳಿದಳು. ಆಸ್ಪತ್ರೆಗೆ ಫೋನು ಮಾಡಿದಾಗ ಅದೇ ನರ್ಸು, “ಪ್ರಸಾದ ಆದ್ರೂ ಹೊಟ್ಟೆಗೇ ಹೋಗೋದಲ್ರೀ ಸಾರ್” ಎಂದಳು. ಡಾಕ್ಟರು ನನಗೆ ಸಿಕ್ಕಾಪಟ್ಟೆ ಬೈದರು. ಅಕ್ಕ ಸಂಜೆ ಬಸ್ಸಿಗೆ ಹರಿಹರಕ್ಕೆ ಹೊರಟುಹೋದಳು. ಕಿಟಕಿಯಲ್ಲಿ ಅವಳ ಮುಖ ನೋಡಿದರೆ ಪರೀಕ್ಷೆ ಮುಂದಕ್ಕೆ ಹೋದ ಹುಡುಗರ ಮುಖದ ಹಾಗಿತ್ತು.

ಸಿಟ್ಟು ಯಾರ ಮೇಲಾದರೂ ತೀರಿಸಿಕೊಳ್ಳಬೇಕಲ್ಲ. ಮರುದಿನ ಹರಿಹರಕ್ಕೆ ಹೋದವನು ಮೊದಲು ಮುಮ್ತಾಜಳ ಮನೆಗೆ ನುಗ್ಗಿದೆ. ಅವರದು ಮಂಡಕ್ಕಿ ಭಟ್ಟಿ. ಗಂಡ ಒಳಗೆ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರೆ ಇವಳು ಹೊರಗೆ ಜರಡಿ ಹಿಡಿಯುತ್ತಿದ್ದಳು. ಅಕ್ಕನಿಗೂ ಅವಳಿಗೂ ಎಷ್ಟೋ ವರ್ಷದ ಒಡನಾಟ. ನಾನು ಅಷ್ಟೂ ದೂರ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಭಾಷಣ ಶುರು ಮಾಡಿದೆ. “ಏನಮ್ಮಾ ಮುಮ್ತಾಜ್, ಆಪರೇಶನ್ ದಿನ ಮಂಡಕ್ಕಿ ಕೊಡೋದೇನು? ಅಕ್ಕನ ಜೀವದ ಪ್ರಶ್ನೆ ಐತೆ ಅಂತ ಗೊತ್ತಿಲ್ಲೇನು?”

ಅವಳು ಜರಡಿ ಕೆಳಗಿಟ್ಟಳು. “ಅಣ್ಣಾ, ಖುದಾ ಆಣೆಗೂ ನಾನ್ ಕೊಟ್ಟಿಲ್ಲ. ಬ್ಯಾಡ ಅಕ್ಕಾ, ಇವತ್ತು ದವಾಖಾನಿಗೆ ಹೋಗ್ಬೇಕು ಅಂತ ನಾನೇ ಡಬ್ಬಿ ಹಿಂದಕ್ಕೆ ಎಳ್ಕಂಡೆ. ಆಕಿನೇ ಬಟ್ಲು ತಂದು, ಕೈ ಹಾಕಿ ತಗಂಡು, ನಿಂತಲ್ಲೇ ತಿಂದ್ಲು. ಗಂಟಲಾಗ ಇಳೀಲಾರದಂಗೆ ತಿಂದ್ಲು.”

“ಯಾಕ?”

“ಯಾಕ ಅಂದ್ರೆ? ಹೆದ್ರಿಕೆ ಅಣ್ಣಾ. ನಿಮಗೆ ಗೊತ್ತಿಲ್ಲೇನು?”

ಗೊತ್ತಿರಲಿಲ್ಲ. ಅಕ್ಕನ ಹೆಸರೂ ಹೆದರಿಕೆ ಎಂಬ ಮಾತೂ ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುಮ್ತಾಜ್ ದನಿ ತಗ್ಗಿಸಿ, ಅಕ್ಕ ಈಚೆಗೆ ದಿನಾ ಬಂದು, ಮಂಪರು ಮದ್ದು ಕೊಟ್ಟ ಮೇಲೆ ಮತ್ತೆ ಎಚ್ಚರ ಆಗದೇ ಹೋದವರ ಸುದ್ದಿಯನ್ನೇ ಮಾತಾಡುತ್ತಾಳೆ ಎಂದಳು. ಕೊನೆಗೆ ಅವಳು, “ನಿಮಗೆ ಹೇಳ್ಬ್ಯಾಡ ಅಂದಾಳ. ಹೇಳಿದ್ದು ಹೇಳ್ಬ್ಯಾಡ್ರಿ” ಎಂದು ನನ್ನ ಮುಂದೆ ಒಂದು ತಟ್ಟೆ ಮಂಡಕ್ಕಿ ಇಟ್ಟಳು. ಬೈಯಲು ಬಂದವನು ಅದನ್ನು ಪೂರ್ತಿ ತಿಂದು ಎದ್ದೆ.

ಅಕ್ಕ ಅಂಗಡಿಯಲ್ಲಿ ಒಬ್ಬಳೇ ಇದ್ದಳು. ಹೇಗೆ ಮಾತು ತೆಗೆಯುವುದು? ಚೇಳು ಹೊಡೆದವಳಿಗೆ, ನೀರಿಗೆ ನೂಕಿದವಳಿಗೆ, ‘ನೀನು ಹೆದರಿದ್ದೀ’ ಎಂದು ಹೇಳಲು ನನಗೆ ಯಾವ ಅಧಿಕಾರ? ಬಟ್ಟೆ ಥಾನುಗಳ ನಡುವೆ ಕೂತು ಫ್ಯಾನು ನೋಡಿದೆ, ಬಾಗಿಲು ನೋಡಿದೆ. ಏನೂ ತೋಚದೆ ಮೊಬೈಲು ತೆಗೆದು, “ಅಕ್ಕಾ, ಇಲ್ಲಿ ನೋಡು ಏನು ಬಂದೈತೆ” ಎಂದು ಆ ತುಣುಕು ಹಾಕಿದೆ. ಅಕ್ಕ ಕನ್ನಡಕ ಏರಿಸಿಕೊಂಡು ನನ್ನ ಪಕ್ಕ ಬಂದು ಕೂತಳು. ಹುಡುಗ ಲಾಟೀನು ಹಿಡಿದ. ತಬಲಾ ನುಡಿಯಿತು. ಗೋದಾಮಿನ ಬಾಗಿಲು ಕಿರ್ರೆಂದಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು.

ನನಗೆ ಐವತ್ತಾರು, ಅವಳಿಗೆ ಅರವತ್ತೆರಡು. ಒಳಗಿರುವುದು ಮೇಕೆ ಎಂದು ಇಬ್ಬರಿಗೂ ಗೊತ್ತು. ಆದರೂ ಅವಳ ಬೆರಳು ತಣ್ಣಗಿದ್ದವು. ಟಾಕೀಸಿನ ಬೆಂಚಿನ ಮೇಲೆ ಯಾರು ಯಾರಿಗೆ ಧೈರ್ಯ ಕೊಡುತ್ತಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. ನನ್ನ ದಡ್ಡತನಕ್ಕೆ ನಗು ಬಂತು, ಅವಳ ಮೇಲೆ ಹೇಳಲಾರದಷ್ಟು ಅಕ್ಕರೆ ಬಂತು.

“ಅಕ್ಕಾ, ನನಗೆ ಹೆದ್ರಿಕೆ ಆಗೈತೆ” ಎಂದೆ.

“ನಿನಗ್ಯಾಕ? ಹೊಟ್ಟೆ ಕೊಯ್ಯೋದು ನಂದು.”

“ನೀನು ಹಿಂಗೆ ಮುಂದಕ್ಕೆ ಹಾಕ್ಕಂತ ಹೋಗಿ ಏನಾದ್ರೂ ಆದ್ರೆ? ಡಾಕ್ಟರು ಅವತ್ತೇ ನನಗೆ ಹೇಳ್ಯಾರೆ. ಅವತ್ತಿನಿಂದ ನನಗೆ ನಿದ್ದಿ ಇಲ್ಲ. ನೀನಿಲ್ಲ ಅಂದ್ರೆ ನನ್ನ ‘ಲೇ’ ಅನ್ನೋರು ಯಾರಿದ್ದಾರೆ?”

ಅಕ್ಕ ಕೈ ಬಿಟ್ಟಳು. ಮೊಬೈಲಿನಲ್ಲಿ ಮೇಕೆ ಬ್ಯಾ ಎಂದಿತು. ಅವಳು ನಗಲಿಲ್ಲ. ಎದ್ದು ಹೋಗಿ, ಮೊದಲೇ ಮಡಿಸಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. “ಮುಮ್ತಾಜ್ ಬಾಯಿ ಬಿಟ್ಲೇನು?” ಎಂದಳು. ಇಲ್ಲ ಎಂದೆ. “ಸುಳ್ಳು ಹೇಳಾಕೂ ಬರಲ್ಲ ನಿನಗೆ” ಎಂದಳು. ಆಮೇಲೆ ನನ್ನ ಕಡೆಗೆ ಬೆನ್ನು ಮಾಡಿಕೊಂಡೇ, “ಇನ್ನೊಂದ್ ದಿನ ಗೊತ್ತು ಮಾಡು” ಎಂದಳು.

ಆ ದಿನಕ್ಕೆ ಮುಮ್ತಾಜಳೇ ಕಾವಲಿಗೆ ಬಂದಳು. ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದು ಅಕ್ಕನ ಪಕ್ಕದಲ್ಲೇ ಮಲಗಿದಳು. ಬೆಳಗ್ಗೆ ಸುಮಾ ಚಹಾ ಕೊಟ್ಟರೆ, “ಅಕ್ಕ ಕುಡಿಯೋ ತನಕ ನನಗೂ ಬ್ಯಾಡ್ರಿ” ಎಂದಳು. ನಮ್ಮ ಸೀಮೆಯಲ್ಲಿ ಒಬ್ಬರು ಬ್ಯಾಡ ಎಂದದ್ದನ್ನು ಇನ್ನೊಬ್ಬರು ಒಂದೇ ಸಲಕ್ಕೆ ಒಪ್ಪಿಕೊಂಡದ್ದನ್ನು ನಾನು ಅಂದೇ ಕಂಡೆ. ಸುಮಾ ಲೋಟ ತಿರುಗಿ ಒಳಗೆ ಒಯ್ದಳು. ನಾನು ಮಾತ್ರ ಹಿತ್ತಲಿಗೆ ಹೋಗಿ ಬಾಳೆಹಣ್ಣು ತಿಂದೆ. ಹೆದರಿಕೆಯಾದರೆ ನನಗೆ ಹಸಿವು ಜಾಸ್ತಿ, ಏನು ಮಾಡಲಿ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಹಸಿರು ಅಂಗಿ ತೊಡಿಸಿ, ಬಳೆ ತೆಗೆಸಿ, ಕೂದಲಿಗೆ ಟೋಪಿ ಹಾಕಿದರು. ಬಳೆ ಇಲ್ಲದ ಆ ಕೈ ಸಣ್ಣ ಹುಡುಗಿಯ ಕೈಯಂತೆ ಕಂಡಿತು. ಬಾಗಿಲ ಬಳಿ ನರ್ಸು ಎಂದಿನ ಪ್ರಶ್ನೆ ಕೇಳಿದಳು. “ಏನಾದ್ರೂ ತಿಂದೀರೇನಮ್ಮಾ?”

ತಿಂದೀನಿ ಎಂಬ ಒಂದು ಮಾತು ಸಾಕಿತ್ತು, ಅಂದೂ ಮನೆಗೆ ಹೋಗಬಹುದಿತ್ತು. ಮುಮ್ತಾಜ್ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಗೋಡೆಯ ಮೇಲಿನ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡನ್ನು ಓದುತ್ತ ನಿಂತೆ.

“ಏನೂ ತಿಂದಿಲ್ಲ ತಾಯಿ, ನೀರೂ ಕುಡಿದಿಲ್ಲ” ಎಂದಳು ಅಕ್ಕ. ಆಮೇಲೆ, “ಹೆದ್ರಿಕೆ ಬಾಳ ಆಗೈತೆ” ಎಂದಳು.

ನರ್ಸು, “ಆಗ್ಲಿ ಬಿಡ್ರಿ, ಎಲ್ಲಾರ್ಗೂ ಆಗ್ತೈತೆ. ಬರ್ರಿ” ಎಂದಳು. ಗಾಲಿ ಮಂಚ ತರುತ್ತೇವೆ ಎಂದರೂ ಅಕ್ಕ ಕೇಳಲಿಲ್ಲ, ನಡೆದೇ ಒಳಗೆ ಹೋದಳು. ಕಾಲು ನಡುಗುತ್ತಿದ್ದುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಬಾಗಿಲು ಮುಚ್ಚಿತು. ಮುಮ್ತಾಜ್ ಒಂದು ಮೂಲೆಗೆ ಹೋಗಿ ಕಣ್ಣು ಮುಚ್ಚಿ ದುವಾ ಮಾಡುತ್ತ ಕೂತಳು. ನಾನು ಇನ್ನೊಂದು ಬೆಂಚಿನಲ್ಲಿ ಕೂತು, ಎದ್ದು, ಮತ್ತೆ ಕೂತು, ಆಸ್ಪತ್ರೆಯ ಬೋರ್ಡುಗಳನ್ನೆಲ್ಲ ಓದಿ ಮುಗಿಸಿದೆ. ಒಳಗೆ ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ.

ಕೊನೆಗೆ ಡಾಕ್ಟರು ಹೊರಗೆ ಬಂದು, ಎಲ್ಲ ಸರಿಹೋಯಿತು, ಇನ್ನು ಸ್ವಲ್ಪ ಹೊತ್ತಿಗೆ ಎಚ್ಚರ ಆಗುತ್ತದೆ ಎಂದರು. ನಾನು ಕೈಮುಗಿದೆ. ಮುಮ್ತಾಜ್ ಬಿಕ್ಕಿ ಬಿಕ್ಕಿ ಅಳುತ್ತ, ಸುಮಾಗೆ ಫೋನು ಮಾಡುತ್ತೇನೆಂದು ಮೆಟ್ಟಿಲಿಳಿದು ಹೋದಳು. ಡಾಕ್ಟರ ಹಿಂದೆಯೇ ಬಂದ ಆ ನರ್ಸು ನನ್ನ ಬೆಂಚಿನ ಹತ್ತಿರ ನಿಂತಳು.

“ಸಾರ್, ಬೇಜಾರ್ ಮಾಡ್ಕೋಬ್ಯಾಡ್ರಿ. ಮಂಪರು ಕೊಡೋ ಮುಂಚೆ ನಿಮ್ಮ ಅಕ್ಕ ನನಗೊಂದು ಮಾತು ಹೇಳಿದ್ರು. ಹೊರಗೆ ನನ್ನ ತಮ್ಮ ಹೆದರ್ತಾ ಕುಂತಿರ್ತಾನೆ, ಯಾರಾದ್ರೂ ಹೋಗಿ ಅವನ ಪಕ್ಕ ಸ್ವಲ್ಪ ಹೊತ್ತು ಕುಂದ್ರಿ ಅಂದ್ರು. ಒಳಗೆ ಕೆಲಸ ಇತ್ತು, ಆಗ ಬರಾಕ ಆಗ್ಲಿಲ್ಲ.”

ಇಷ್ಟು ಹೇಳಿ ಆ ಹುಡುಗಿ ಟೋಪಿ ತೆಗೆದು, ನನ್ನ ಪಕ್ಕದಲ್ಲಿ ಕೂತಳು.